ಕೃಷ್ಣಾ ಮೌಶಿಯ ನಾಲ್ಕು ದಿನದ ಸ್ಟಾಕ್‌ಹೋಮು

ನಮ್ಮ ಮನೆಯ ಹಿತ್ತಾಳೆ ಸ್ಟೋವಿನ ಹೊಟ್ಟೆಯ ಮೇಲೆ ಅದು ತಯಾರಾದ ಊರಿನ ಹೆಸರು ಕೊರೆದಿದೆ. ಗ್ಯಾಸಿನ ಒಲೆ ಬಂದ ಮೇಲೆ ಆ ಸ್ಟೋವು ಅಟ್ಟ ಸೇರಿತ್ತು. ಮೊನ್ನೆ ನನ್ನ ಸೊಸೆ ಅಟ್ಟ ಸ್ವಚ್ಛ ಮಾಡುವಾಗ ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೂವು ಇಡಲು ಚಂದ ಕಾಣುತ್ತದೆಂದು ಪಡಸಾಲೆಯಲ್ಲಿಟ್ಟಳು. "ಅತ್ತೀ, ಇದರ ಮ್ಯಾಲೆ ಸ್ಟಾಕ್‌ಹೋಮ್ ಅಂತ ಬರದದ ನೋಡ್ರಿ" ಎಂದಳು.

ನೋಡುವುದೇನು ಬಂತು! ಆ ಊರಿನ ಗಲ್ಲಿ ಗಲ್ಲಿ ನನಗೆ ಗೊತ್ತು. ಹೋಗಿಲ್ಲ, ಅಷ್ಟೆ. ಪುಣೆ ಬಿಟ್ಟು ನಾನು ದೂರ ಹೋದದ್ದೆಂದರೆ ಒಂದೇ ಸಲ, ಕಾಶಿಗೆ. ಅಲ್ಲಿಂದಲೂ ಚಪ್ಪಲಿ ಕಳೆದುಕೊಂಡು ಬಂದೆ. ಆದರೆ ನನಗೆ ಹತ್ತು ವರ್ಷವಿದ್ದಾಗ ಸ್ಟಾಕ್‌ಹೋಮು ಶನಿವಾರ ಪೇಟೆಯ ನಮ್ಮ ವಾಡೆಯ ಅಂಗಳದಲ್ಲಿಯೇ ಇತ್ತು. ದಿನಾ ಮುಂಜಾನೆ ಅದನ್ನು ಗುಡಿಸಿ ಒಪ್ಪವಾಗಿಡುವ ಕೆಲಸ ನನ್ನದಾಗಿತ್ತು. ನಗಬೇಡಿ, ಹೇಳುತ್ತೇನೆ.

ಇಂಗ್ರೇಜರು ಇನ್ನೂ ಇದ್ದ ಕಾಲ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಧಾರವಾಡ ಬಿಟ್ಟು ಬಂದು ಪುಣೆ ಸ್ಟೇಶನ್ನಿನ ಗೂಡ್ಸ್ ಆಫೀಸಿನಲ್ಲಿ ಕಾರಕೂನರಾಗಿದ್ದರು. ಮನೆಯಲ್ಲಿ ಅಪ್ಪ, ಅವ್ವ, ನಾನು ಎಂದರೆ ಇಂದೂ, ಮತ್ತು ಅವ್ವನ ಬೆನ್ನಿಗೆ ಬಿದ್ದ ತಂಗಿ ಕೃಷ್ಣಾ ಮೌಶಿ. ಮೌಶಿ ಹುಡುಗಿಯರ ಶಾಲೆಯೊಂದರಲ್ಲಿ ಡ್ರಿಲ್ ಕಲಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ಮೂವತ್ತು ದಾಟಿತ್ತು, ಆದರೆ ಆ ಮಾತನ್ನು ನಮ್ಮಲ್ಲಿ ಯಾರೂ ಜೋರಾಗಿ ಆಡುತ್ತಿರಲಿಲ್ಲ. ಅವಳ ವಯಸ್ಸು ಇಪ್ಪತ್ತೊಂಬತ್ತಕ್ಕೆ ಬಂದು ನಿಂತು ನಾಲ್ಕು ವರ್ಷವಾಗಿತ್ತು. ಒಂಬತ್ತು ಗಜದ ಸೀರೆಯನ್ನು ಕಚ್ಚೆ ಬಿಗಿದು ಉಟ್ಟು, ಕೊರಳಲ್ಲಿ ಸೀಟಿ ಹಾಕಿಕೊಂಡು ಅವಳು ಮೈದಾನಕ್ಕಿಳಿದರೆ ಇನ್ನೂರು ಹುಡುಗಿಯರು ಉಸಿರು ಹಿಡಿದು ನಿಲ್ಲುತ್ತಿದ್ದರು. ಆ ಇನ್ನೂರರಲ್ಲಿ ನಾನೂ ಒಬ್ಬಳು. ಸ್ವಂತ ಮೌಶಿಯೆಂದು ಒಂದು ದಿನವೂ ರಿಯಾಯಿತಿ ಸಿಗಲಿಲ್ಲ.

ಅವಳು ಕಲಿಸುತ್ತಿದ್ದುದು ಸ್ವೀಡಿಷ್ ಡ್ರಿಲ್. ಆಗ ಎಷ್ಟೋ ಶಾಲೆಗಳಲ್ಲಿ ಅದೇ ನಡೆಯುತ್ತಿತ್ತು. ಕೈ ಮೇಲೆ, ಕೈ ಪಕ್ಕಕ್ಕೆ, ಹಿಮ್ಮಡಿ ಎತ್ತಿ, ಮೊಣಕಾಲು ಬಗ್ಗಿಸಿ, ಹೀಗೆ ಒಂದರಿಂದ ಐವತ್ತರವರೆಗೆ ಅಂಕಿ ಹಾಕಿದ ಕವಾಯತುಗಳು. ಐವತ್ತರಲ್ಲಿ ನಮ್ಮ ಜೀವ ತಿನ್ನುತ್ತಿದ್ದದ್ದು ಮೂವತ್ತೇಳನೆಯದು. ಎರಡೂ ಕೈ ತಲೆಯ ಮೇಲೆ ಜೋಡಿಸಬೇಕು, ಎಡಗಾಲನ್ನು ಬಲ ಮೊಣಕಾಲಿನ ಹಿಂದೆ ಸಿಕ್ಕಿಸಬೇಕು, ಸೊಂಟದಿಂದ ಮೇಲೆ ಪೂರಾ ತಿರುಗಿ, ಯಾರೋ ಹೆಸರು ಹಿಡಿದು ಕೂಗಿದರೋ ಎಂಬಂತೆ ಹಿಂದೆ ನೋಡಬೇಕು. ನಾನು ಪ್ರತಿ ಸಲ ಪಕ್ಕದವಳ ಮೇಲೆ ಬೀಳುತ್ತಿದ್ದೆ. ಅವಳು ಅವಳ ಪಕ್ಕದವಳ ಮೇಲೆ. ಮೂರನೆಯ ಸಾಲು ಪೂರ್ತಿ ಮಲಗಿದ ಮೇಲೆ ಮೌಶಿ ಸೀಟಿ ಊದುತ್ತಿದ್ದಳು.

ಒಂದು ಮಳೆಗಾಲದಲ್ಲಿ ಶಾಲೆಯವರು ಮೌಶಿಯನ್ನು ಮೂರು ತಿಂಗಳ ತರಬೇತಿಗೆ ಇಂಗ್ಲಂಡಿಗೆ ಕಳಿಸಲು ಆರಿಸಿದರು. ಹೊರಡುವುದು ಮುಂದಿನ ಮೇ ತಿಂಗಳಲ್ಲಿ. ಆ ಸುದ್ದಿಯನ್ನು ಅರಗಿಸಿಕೊಳ್ಳಲು ನಮಗೆ ಒಂದು ವಾರ ಹಿಡಿಯಿತು. ಅರಗಿತು ಅನ್ನುವಷ್ಟರಲ್ಲಿ ಮೌಶಿ ಊಟಕ್ಕೆ ಕೂತಾಗ ಇನ್ನೊಂದು ಸುದ್ದಿ ಬಡಿಸಿದಳು.

"ತರಬೇತಿ ಶುರು ಆಗೋದ್ರಾಗ ಸ್ವಲ್ಪ ದಿವಸ ಸಿಗತಾವ. ನಾ ನಾಲ್ಕು ದಿನ ಸ್ಟಾಕ್‌ಹೋಮಿಗೆ ಹೋಗಿ ಬರ್ತೀನಿ."

"ಯಾವ ಹೋಮ ಅದು?" ಎಂದಳು ಅವ್ವ, ಸಾರಿನ ಸೌಟು ಹಿಡಿದುಕೊಂಡೇ.

"ಹೋಮ ಅಲ್ಲ ಅಕ್ಕಾ, ಊರು. ಸ್ವೀಡನ್ ದೇಶದ ರಾಜಧಾನಿ. ನಮ್ಮ ಡ್ರಿಲ್ ಹುಟ್ಟಿದ ಊರು."

ಅವ್ವ ಸ್ವಲ್ಪ ವಿಚಾರ ಮಾಡಿ, "ಊರಿಗೆ ಹೋಮ ಅಂತ ಹೆಸರಿಟ್ಟಾರಂದ್ರ ಮಡಿವಂತರ ಇರಬೇಕು ಬಿಡು" ಎಂದು ಸಾರು ಬಡಿಸಿದಳು.

ಅಪ್ಪ ಮಾತ್ರ ಊಟ ಮರೆತರು. ಅವರಿಗೆ ಟೈಮ್‌ಟೇಬಲ್ ಬರೆಯುವ ಹುಚ್ಚು. ತಮ್ಮ ಮದುವೆಯಲ್ಲಿ ಊಟದ ಪಂಕ್ತಿಗಳಿಗೂ ಟೈಮ್‌ಟೇಬಲ್ ಬರೆದಿದ್ದರಂತೆ. ಮೂರನೆಯ ಪಂಕ್ತಿ ಹನ್ನೆರಡು ಮಿನಿಟು ತಡವಾದದ್ದನ್ನು ಇನ್ನೂ ಮರೆತಿರಲಿಲ್ಲ. ಅಂಥವರಿಗೆ ಯಾರೂ ಕಾಣದ ಒಂದು ಊರು, ಅದಕ್ಕೆ ಬರೀ ನಾಲ್ಕು ದಿನ. ಮರುದಿನ ಭಾನುವಾರವೇ ಅವರು ವಾಚನಾಲಯಕ್ಕೆ ಹೋದರು. ಅಲ್ಲಿಯ ದಪ್ಪ ಇಂಗ್ಲಿಷ್ ಜ್ಞಾನಕೋಶವನ್ನು ಮನೆಗೆ ಕೊಡುತ್ತಿರಲಿಲ್ಲವಾದ್ದರಿಂದ ಅಲ್ಲಿಯೇ ಕೂತು ಸ್ಟಾಕ್‌ಹೋಮನ್ನು ಕೈಯಿಂದ ಇಳಿಸಿಕೊಂಡು ಬರತೊಡಗಿದರು. ಆರು ಭಾನುವಾರಗಳಲ್ಲಿ ಊರು ಪೂರಾ ನಮ್ಮ ಮನೆಗೆ ಬಂದಿತ್ತು. ಹದಿನಾಲ್ಕು ನಡುಗಡ್ಡೆಗಳ ಮೇಲೆ ಹರಡಿದ ಊರಂತೆ. ಅರಮನೆಯಂತೆ, ಹಳೆಯ ಪೇಟೆಯಂತೆ, ಬಂದರವಂತೆ. ಬೇಸಿಗೆಯಲ್ಲಿ ಅಲ್ಲಿ ಕತ್ತಲೆಯೇ ಸರಿಯಾಗಿ ಆಗುವುದಿಲ್ಲವಂತೆ.

"ಹದಿನಾಲ್ಕು ನಡುಗಡ್ಡಿ ಅಂದ್ರ ದಾರಿ ತಪ್ಪತದ" ಎಂದರು ಅಪ್ಪ. ಅದಕ್ಕೇ ಅಂಗಳದಲ್ಲಿ ಊರನ್ನು ಬರೆದು ಮೌಶಿಗೆ ರೂಢಿ ಮಾಡಿಸುವುದೆಂದು ಠರಾವಾಯಿತು. ಅಪ್ಪ ಸೀಮೆಸುಣ್ಣದಿಂದ ಗೆರೆ ಹಾಕಿದರು, ಅವ್ವ ರಂಗೋಲಿ ತುಂಬಿದಳು. ತುಳಸಿಕಟ್ಟೆ ಅರಮನೆಯಾಯಿತು. ಬಟ್ಟೆ ಒಗೆಯುವ ಕಲ್ಲು ರೇಲ್ವೆ ಸ್ಟೇಶನ್. ನೀರು ಇದ್ದದ್ದು ಬಚ್ಚಲದ ಹತ್ತಿರ ಮಾತ್ರ, ಆದ್ದರಿಂದ ಬಂದರ ಅಲ್ಲಿ. ವಾಡೆಯ ಮಾಲಕರ ಆಕಳು ದಿನಾ ಸಂಜೆ ಹಳೆಯ ಪೇಟೆಯನ್ನು ತುಳಿದುಕೊಂಡು ಗೋದಲಿಗೆ ಹೋಗುತ್ತಿತ್ತು. ಮುಂಜಾನೆ ಎದ್ದು ನಾನು ಅದನ್ನು ಮತ್ತೆ ಕಟ್ಟಿ ನಿಲ್ಲಿಸುತ್ತಿದ್ದೆ. ಶಾಲೆಯಲ್ಲಿ ಗೆಳತಿಯರಿಗೆ, ನಮ್ಮ ಮನೆಯಲ್ಲಿ ಹದಿನಾಲ್ಕು ನಡುಗಡ್ಡೆಗಳಿವೆ ಎಂದು ಹೇಳಿ, ಸುಳ್ಳಿಯೆಂಬ ಹೆಸರನ್ನೂ ಗಳಿಸಿದೆ.

ಅಪ್ಪ ಗಡಿಯಾರ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು. ಮೌಶಿ ಕಲ್ಲಿನಿಂದ ಹೊರಟು ತುಳಸಿಗೆ ಬರುತ್ತಿದ್ದಳು.

"ಅರಮನಿಗೆ ಒಂದು ತಾಸು ಇಪ್ಪತ್ತು ಮಿನಿಟು" ಎಂದು ಓದಿದರು ಅಪ್ಪ. "ಆಮ್ಯಾಲೆ ಏನ ಆದ್ರೂ ಹೊರಗ ಬಂದಬಿಡಬೇಕು."

"ರಾಜರು ಎದುರು ಬಂದು, ಚಹಾ ತಗೊಂಡು ಹೋಗವಾ ಅಂದ್ರ, ಭಾವಾ?"

"ಟೈಮ್ ಇಲ್ಲಾ ಅಂತ ಹೇಳು. ಮುಂದ ಬಂದರ ಅದ."

ಈ ಸಿದ್ಧತೆಗೆ ಇನ್ನೊಬ್ಬ ಸಲಹೆಗಾರರಿದ್ದರು, ಗುಂಡೂ ಕಾಕಾ. ಅಪ್ಪನ ದೂರದ ಅಣ್ಣ, ಕಸಬಾ ಪೇಟೆಯಲ್ಲಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಉಗ್ರಾಣದ ಕಾರಕೂನರಾಗಿ ಅರಬರ ನಾಡಿನ ಬಸರಾಕ್ಕೆ ಹೋಗಿಬಂದಿದ್ದರು. ನಮ್ಮ ಬಳಗದಲ್ಲಿ ಸಮುದ್ರ ದಾಟಿದವರು ಅವರೊಬ್ಬರೇ. ಹೀಗಾಗಿ ಸಮುದ್ರದ ಆಚೆ ಇರುವುದೆಲ್ಲ ಅವರ ಸುಪರ್ದಿಗೆ ಸೇರಿತ್ತು.

"ಕೃಷ್ಣೀ, ಕುಡಿಯೋ ನೀರು ಸಂಗಡ ಒಯ್ಯಬೇಕವಾ. ಬಸರಾದಾಗ ನೀರಿಂದು ಭಾಳ ತ್ರಾಸ" ಎನ್ನುವರು.

"ಕಾಕಾ, ಅಲ್ಲೆ ಊರ ನೀರಿನ ಮ್ಯಾಲೆ ಅದ ಅಂತ್ರಿ."

"ಇರಲಿ. ಖರ್ಜೂರ ಮಾರೋವ್ರ ಸಂಗತಿ ಮಾತ್ರ ಚೌಕಾಶಿ ಮಾಡಲಾರದ ಬಿಡಬ್ಯಾಡ."

ಚಳಿಯ ರೂಢಿಯಾಗಬೇಕೆಂದು ಅಪ್ಪ ಜನವರಿಯಲ್ಲಿ ನಮ್ಮನ್ನೆಲ್ಲ ಎರಡು ದಿನ ಘಟ್ಟದ ಮೇಲಿನ ಲೋಣಾವಳಾಕ್ಕೆ ಕರೆದೊಯ್ದರು. ಮುಂಜಾನೆ ಐದಕ್ಕೆ ಮೌಶಿ ಬರೀ ಒಂದು ಶಾಲು ಹೊದ್ದು, ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ ಇಳಿದು, ಕೆಂಪು ಕೆನ್ನೆ ಮಾಡಿಕೊಂಡು ಬಂದಳು. ಗಡಿಯಾರ ಹಿಡಿದು ಕೆಳಗೆ ನಿಂತ ಅಪ್ಪ ಮಾತ್ರ ನೆಗಡಿ ಹಿಡಿದು ಹತ್ತು ದಿನ ಆಫೀಸಿಗೆ ಹೋಗಲಿಲ್ಲ. ನನಗೆ ಆ ಪ್ರವಾಸದಲ್ಲಿ ನೆನಪಿರುವುದು ಚಿಕ್ಕಿ. ಬಾಯಲ್ಲಿ ಅದು ಇದ್ದಾಗ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಅದು ಎಷ್ಟು ಸುಖ!

ಯುಗಾದಿಗೆ ಹೊಸ ಪಂಚಾಂಗ ಬಂತು. ಬಂದದ್ದೇ ಅವ್ವ ಬೆರಳಿಟ್ಟು ಜೂನ್ ತಿಂಗಳು ಹುಡುಕಿ, "ಅಯ್ಯ! ನಿನ್ನ ಮೂರನೇ ದಿವಸ ಸಂಕಷ್ಟಿ" ಎಂದಳು. ಅಕ್ಕ ತಂಗಿ ಇಬ್ಬರೂ ಸಂಕಷ್ಟಿಗೆ ಉಪವಾಸ ಮಾಡಿ, ಚಂದ್ರ ಹುಟ್ಟಿದ ಮೇಲೆ ಊಟ ಮಾಡುವವರು. ಸೂರ್ಯನೇ ಸರಿಯಾಗಿ ಮುಳುಗದ ಊರಿನಲ್ಲಿ ಚಂದ್ರ ಯಾವಾಗ ಹುಟ್ಟಬೇಕು, ಮೌಶಿ ಯಾವಾಗ ಉಣ್ಣಬೇಕು? ಜ್ಞಾನಕೋಶದಲ್ಲಿ ಅದಿರಲಿಲ್ಲ. ಬಸರಾದಲ್ಲಿ ಚಂದ್ರ ಬೇಕಾದಷ್ಟಿದ್ದ ಎಂದು ಗುಂಡೂ ಕಾಕಾ ಹೇಳಿದರು; ಅದರಿಂದ ಉಪಯೋಗವಾಗಲಿಲ್ಲ. ಕೊನೆಗೆ ಅವ್ವನೇ ನಿರ್ಣಯ ಕೊಟ್ಟಳು:

"ಅಲ್ಲೀ ಚಂದ್ರನ ಗೊಡವಿ ಬ್ಯಾಡ. ಇಲ್ಲೆ ಪುಣೇದಾಗ ಚಂದ್ರ ಎದ್ದಾಗ ನಾ ಊಟಕ್ಕ ಕೂಡ್ತೀನಿ. ಅದ ಹೊತ್ತಿಗೆ ಅಲ್ಲೆ ನೀನೂ ಕೂಡು."

ಅಪ್ಪ ಲೆಕ್ಕ ಹಾಕಿ, ಇಲ್ಲಿಯ ಚಂದ್ರೋದಯಕ್ಕೆ ಅಲ್ಲಿ ಸಂಜೆ ಐದೂವರೆ ಎಂದು ಹೇಳಿ, ಮೂರನೆಯ ದಿನದ ಕೋಷ್ಟಕದಲ್ಲಿ ಕೆಂಪು ಶಾಯಿಯಿಂದ ಬರೆದರು: '೫-೩೦, ಚಂದ್ರೋದಯ (ಪುಣೆ), ಅವಲಕ್ಕಿ.'

ಎಲ್ಲವೂ ಹೀಗೆ ಹದಕ್ಕೆ ಬಂದಿರುವಾಗ ಬೆಳಗಾವಿಯಿಂದ ಒಂದು ಪತ್ರ ಬಂತು. ಅಲ್ಲಿಯ ಒಬ್ಬ ವಕೀಲರಿಗೆ ಮೌಶಿಯನ್ನು ಕೊಡುವ ಮಾತು ಆರು ತಿಂಗಳಿಂದ ನಡೆದಿತ್ತು. ಮೊದಲ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಒಳ್ಳೆಯ ಮನೆತನ. ಅವ್ವ ಅದಕ್ಕಾಗಿ ಹನ್ನೊಂದು ಸೋಮವಾರ ನಡೆಸಿದ್ದಳು. ಪತ್ರ ಬರೆದವರು ವಕೀಲರ ಅಣ್ಣ. ವಿಲಾಯತಿಗೆ ಹೋಗಲು ತಮ್ಮದೇನೂ ಅಡ್ಡಿಯಿಲ್ಲ, ಅದು ಶಿಕ್ಷಣ. ಆದರೆ ಕೇಳರಿಯದ ಊರಿನಲ್ಲಿ ಹೆಣ್ಣುಮಗಳೊಬ್ಬಳು ನಾಲ್ಕು ದಿನ ಒಬ್ಬಳೇ ತಿರುಗುವುದು ತಮ್ಮ ಮನೆತನಕ್ಕೆ ಒಪ್ಪುವಂಥದಲ್ಲ. ಆ ನಾಲ್ಕು ದಿನ ಬಿಟ್ಟುಬಿಟ್ಟರೆ ಕಾರ್ತೀಕದಲ್ಲಿ ಲಗ್ನ. ಇಷ್ಟೇ ಇತ್ತು.

ಅಪ್ಪ ಪತ್ರವನ್ನು ಎರಡು ಸಲ ಓದಿ ಮಡಚಿ ದೇವರ ಮುಂದೆ ಇಟ್ಟರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೃಷ್ಣೀ, ಬರೇ ನಾಲ್ಕು ದಿನದ ಮಾತು. ಬಿಟ್ಟಬಿಡ. ನಿನ್ನ ಸಲುವಾಗಿ ನಾ ದೇವರ ಮುಂದ ಎಷ್ಟು ಕೂತೀನಿ ನಿನಗ ಗೊತ್ತದ" ಎಂದಳು.

"ನಾ ಹೋಗಲೇಬೇಕು ಅಕ್ಕಾ."

"ಅರಮನಿ ನೋಡಲಿಲ್ಲಂದ್ರ ಏನಾಗತದ?" ಎಂದರು ಅಪ್ಪ. ಆರು ಭಾನುವಾರ ಅರಮನೆಯನ್ನು ನಕಲು ಮಾಡಿದವರು ಆ ಮಾತು ಆಡಬೇಕಾದರೆ ಎಷ್ಟು ಕಷ್ಟವಾಗಿರಬೇಕೋ.

"ಅರಮನಿ ಸಲುವಾಗಿ ಅಲ್ಲ, ಭಾವಾ." ಮೌಶಿ ಎದ್ದು ಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಪುಸ್ತಕ ತಂದು ನಡುವೆ ಇಟ್ಟಳು. ಸ್ವೀಡಿಷ್‌ನಿಂದ ಇಂಗ್ಲಿಷಿಗೆ ಬಂದ ಹಳೆಯ ಡ್ರಿಲ್ ಪುಸ್ತಕ. ಮೊದಲು ಡ್ರಿಲ್ ಕಲಿಸುತ್ತಿದ್ದ ಇಂಗ್ರೇಜಿ ಮಡ್ಡಮ್ಮ ತನ್ನ ಊರಿಗೆ ಹೋಗುವಾಗ ಇವಳಿಗೆ ಬಿಟ್ಟುಹೋದದ್ದು. ಅದರ ಒಂದು ಹಾಳೆಯನ್ನು ಗೆದ್ದಲು ತಿಂದು, ಅಂಚು ಮಾತ್ರ ಉಳಿದಿತ್ತು. ಹಿಂದಿನ ಹಾಳೆಯಲ್ಲಿ ಮೂವತ್ತಾರು. ಮುಂದಿನದರಲ್ಲಿ ಮೂವತ್ತೆಂಟು.

ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಂದ್ರ..." ಎಂದರು ಅಪ್ಪ.

"ಮೂವತ್ತೇಳು ನಾನ ಹುಟ್ಟಿಸಿದ್ದು. ಮೊದಲನೇ ವರ್ಷ ಏನರೆ ಒಂದು ಮಾಡಿಸಿದ್ರಾತು, ಆಮ್ಯಾಲೆ ಹುಡುಕಿ ಸರಿ ಮಾಡಿದ್ರಾತು ಅಂದ್ಕೊಂಡೆ. ಅಷ್ಟರಾಗ ಇನ್ಸ್‌ಪೆಕ್ಟರ್ ಬಾಯಿಯವರು ಬಂದು, ಐವತ್ತರಾಗ ಮೂವತ್ತೇಳನೇದ ಉತ್ತಮ ಅಂತ ಬರದು ಹೋದ್ರು. ಇನ್ನ ಯಾರನ್ನ ಕೇಳಲಿ? ಮುಂಬಯಿ ಅಂಗಡಿಗೆಲ್ಲಾ ಬರದೆ, ಈ ಪುಸ್ತಕ ಈಗ ಸಿಗೂದಿಲ್ಲಂತ. ಇಂಗ್ಲಂಡಿನಾಗ ಈಗ ಬ್ಯಾರೆ ಪದ್ಧತಿ ಬಂದದಂತ. ಉಳದದ್ದು ಅದು ಹುಟ್ಟಿದ ಊರು. ಹನ್ನೊಂದು ವರ್ಷ ಆತು, ಭಾವಾ. ದಿನಾ ಸೀಟಿ ಊದಿ ಮೂವತ್ತೇಳು ಅನ್ನೋ ಮುಂದ ನನ್ನ ನಾಲಿಗಿ ಒಣಗತದ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ಸಿಟ್ಟೂ ಬಂತು. ಎಷ್ಟು ಸಲ ಬಿದ್ದಿದ್ದೆ ನಾನು! ಅವ್ವ ಮಾತ್ರ ನಗಲಿಲ್ಲ. ಆ ಗೆದ್ದಲು ತಿಂದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತ ಕೂತಿದ್ದಳು. ಆಮೇಲೆ, "ಸಾರಿನಾಗ ಉಪ್ಪು ಹೆಚ್ಚಾದ್ರ ಉಂಡವರಿಗೆ ಹೇಳಿಬಿಡ್ತೀವಿ. ಇಲ್ಲೆ ಹನ್ನೊಂದು ವರ್ಷ ತಪ್ಪು ಕಲತ ಹುಡುಗ್ಯಾರಿದ್ದಾರ" ಎಂದಳು. ಎದ್ದು ಹೋಗಿ ಬೆಳಗಾವಿಯ ಪತ್ರವನ್ನು ದೇವರ ಮುಂದಿನಿಂದ ತೆಗೆದು ಅಪ್ಪನ ಕೈಗೆ ಕೊಟ್ಟಳು. "ಆಕಿ ಹೋಗತಾಳಂತ ಬರೀರಿ."

ಬೆಳಗಾವಿಯಿಂದ ಉತ್ತರ ಬರಲಿಲ್ಲ. ಮೌಶಿ ಸ್ಟೇಶನ್ನಿನಲ್ಲಿ ನಗುನಗುತ್ತ ರೈಲು ಹತ್ತಿದಳು. ಗುಂಡೂ ಕಾಕಾ ಒಂದು ಹೂಜಿ ಕುಡಿಯುವ ನೀರು ತಂದಿದ್ದರು.

ಜುಲೈಯಲ್ಲಿ ಸ್ಟಾಕ್‌ಹೋಮಿನಿಂದ ಹಾಕಿದ ಪತ್ರ ಬಂತು. ಅಪ್ಪ ಟೈಮ್‌ಟೇಬಲ್ಲಿನ ನಕಲನ್ನು ಪಕ್ಕಕ್ಕೆ ಹಿಡಿದುಕೊಂಡು, ತಾಳೆ ನೋಡುತ್ತ ಓದಲು ಕೂತರು. ಎರಡನೆಯ ಸಾಲಿನಲ್ಲಿಯೇ ತಾಳ ತಪ್ಪಿತು. ಮೌಶಿ ಇಳಿದವಳೇ ನೇರ ಡ್ರಿಲ್ ಹುಟ್ಟಿದ ವ್ಯಾಯಾಮಶಾಲೆಗೆ ಹೋಗಿದ್ದಳು. ಬಾಗಿಲಿಗೆ ಬೀಗ. ಬೇಸಿಗೆಯ ಸೂಟಿ!

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮಲ್ಲಿ ಜೂನ್ ಎಂದರೆ ಶಾಲೆ ತೆರೆಯುವ ತಿಂಗಳು. ಹೊಸ ಪುಸ್ತಕ, ಒದ್ದೆ ಕೊಡೆ. ಜೂನಿನಲ್ಲಿ ಶಾಲೆ ಮುಚ್ಚುವ ಊರೂ ಇರಬಹುದೆಂದು ಹತ್ತು ತಿಂಗಳಲ್ಲಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಂದ್ರ ಹುಟ್ಟುವ ಮಿನಿಟು ಕೂಡ ಬರೆದಿಟ್ಟ ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು.

ಮುಂದೆ ಓದಿದರೆ ಅರಮನೆಯಿಲ್ಲ, ಹಳೆಯ ಪೇಟೆಯಿಲ್ಲ. ಮೂರು ದಿನ ಅವಳು ಆ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು, ಯಾರಾದರೂ ಬರಬಹುದೆಂದು. ಸಂಕಷ್ಟಿಯ ದಿನ ಐದೂವರೆಗೆ ಅಲ್ಲಿಯೇ ಕೂತು ಅವಲಕ್ಕಿ ತಿಂದಳಂತೆ. ಅದನ್ನು ಓದಿದಾಗ ಅವ್ವ, "ನಾನೂ ಅದ ಹೊತ್ತಿಗೆ ಉಂಡೆ. ಮೋಡದಾಗ ಚಂದ್ರ ಕಾಣಲಿಲ್ಲ, ಪಂಚಾಂಗ ನಂಬಿ ಕೂತೆ" ಎಂದಳು. ಪತ್ರದ ಕೊನೆಯಲ್ಲಿ ಎರಡೇ ಸಾಲು: 'ನಾಲ್ಕನೆಯ ದಿನ ಸಿಕ್ಕಿತು. ಬರೆದು ತಿಳಿಸುವಂಥದಲ್ಲ, ಬಂದು ತೋರಿಸುತ್ತೇನೆ.'

ದಸರೆಯ ಹೊತ್ತಿಗೆ ಮೌಶಿ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು. ಪೆಟ್ಟಿಗೆ ಇಳಿಸುವ ಮೊದಲೇ ಅಪ್ಪ ಕೇಳಿದರು, "ಅರಮನಿ?"

"ಟ್ರಾಮಿನ್ಯಾಗಿಂದ ಕಂಡ್ತು, ಭಾವಾ. ಹಳದಿ ಬಣ್ಣ ಅನಸ್ತದ."

ಎಲ್ಲರೂ ಅಂಗಳಕ್ಕೆ ಬಂದೆವು. ಮೌಶಿ ನಡೆದದ್ದನ್ನು ಹೇಳಿದಳು. ನಾಲ್ಕನೆಯ ದಿನ ಮುಂಜಾನೆ ಒಬ್ಬ ಮುದುಕಿ ಬಂದು ಬೀಗ ತೆಗೆದು ಕಸ ಗುಡಿಸತೊಡಗಿದಳು. ಅವಳಿಗೆ ಇಂಗ್ಲಿಷ್ ಬಾರದು. ಇವಳಿಗೆ ಅವಳ ಮಾತು ತಿಳಿಯದು. ಮೌಶಿ ಪುಸ್ತಕ ತೆಗೆದು ಗೆದ್ದಲು ತಿಂದ ಜಾಗ ತೋರಿಸಿದಳು. ಮುದುಕಿ ಕನಿಕರದಿಂದ ತಲೆ ಆಡಿಸಿ ಮತ್ತೆ ಗುಡಿಸತೊಡಗಿದಳು. ಆಗ ಮೌಶಿ ಕಚ್ಚೆ ಬಿಗಿದು, ಆ ಮೆಟ್ಟಿಲ ಮೇಲೆಯೇ ಮೂವತ್ತೈದು ಮಾಡಿದಳು, ಮೂವತ್ತಾರು ಮಾಡಿದಳು, ಮುಂದೆ ತಿಳಿಯದೆಂದು ಎರಡೂ ಕೈ ಚಾಚಿ ನಿಂತಳು. ಮುದುಕಿಯ ಮುಖ ಅರಳಿತು. ಎಷ್ಟು ವರ್ಷ ಆ ಕಿಟಕಿಗಳನ್ನು ಒರೆಸುತ್ತ ನೋಡಿದ್ದಳೋ ಏನೋ. ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಕಾಲು ಜೋಡಿಸಿ, ಕೈ ಇಳಿಬಿಟ್ಟು ನೆಟ್ಟಗೆ ನಿಂತಳು. ಕಣ್ಣು ಮುಚ್ಚಿದಳು. ನಿಧಾನವಾಗಿ ಉಸಿರು ತೆಗೆದುಕೊಂಡಳು, ಬಿಟ್ಟಳು. ಆಮೇಲೆ ಕಣ್ಣು ತೆರೆದು ಮೂವತ್ತೆಂಟನೆಯದನ್ನು ಮಾಡಿದಳು.

"ಆಕಿಗೆ ತಿಳೀಲಿಲ್ಲ ಅಂದ್ಕೊಂಡು ನಾ ಮತ್ತ ಮಾಡಿ ತೋರಿಸಿದೆ" ಎಂದಳು ಮೌಶಿ. "ಮತ್ತ ಹಂಗ ನಿಂತಳು. ಆಮ್ಯಾಲೆ ಬಂದು ನನ್ನ ಹೆಗಲ ಮ್ಯಾಲೆ ಎರಡೂ ಕೈ ಇಟ್ಟು ಕೆಳಗ ಒತ್ತಿದಳು. ನನ್ನ ಹೆಗಲು ಅಷ್ಟು ಮ್ಯಾಲೆ ಏರಿದ್ದು ನನಗ ಗೊತ್ತ ಇರಲಿಲ್ಲ."

"ಅಂದ್ರ ಮೂವತ್ತೇಳು?" ಎಂದೆ ನಾನು.

"ಸುಮ್ಮ ನಿಂದ್ರೋದು."

ಸೂಟಿ ಮುಗಿದು ಶಾಲೆ ತೆರೆದ ದಿನ ಹಿರಿಯ ಬಾಯಿಯವರು, ಅಂದರೆ ಮುಖ್ಯಾಧ್ಯಾಪಕಿ, ಮೌಶಿಗೆ, ಇದನ್ನು ಸಾರಿ ಹೇಳುವುದು ಬೇಡ, ಮೆಲ್ಲನೆ ಬದಲಿಸಿಬಿಡಿ, ಶಾಲೆಯ ಹೆಸರಿನ ಪ್ರಶ್ನೆ ಎಂದರಂತೆ. ಮೌಶಿ ಸರಿ ಎಂದು ತಲೆಯಾಡಿಸಿ ಮೈದಾನಕ್ಕೆ ಬಂದಳು. ಮೂವತ್ತಾರು ಮುಗಿಯಿತು. ನಾವೆಲ್ಲ ಬೀಳುವ ತಯಾರಿ ಮಾಡಿಕೊಂಡೆವು. ಸೀಟಿ ಕೇಳಲಿಲ್ಲ. ಮೌಶಿ ಅದನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಮಾಝಂ ಚುಕಲಂ, ಮುಲೀಂನೋ" ಎಂದಳು ಮರಾಠಿಯಲ್ಲಿ. ನನ್ನದು ತಪ್ಪಾಯಿತು, ಹುಡುಗಿಯರೇ. ಗೆದ್ದಲು, ಹಾಳೆ, ಹನ್ನೊಂದು ವರ್ಷ, ಎಲ್ಲವನ್ನೂ ಹೇಳಿದಳು. ಇನ್ನೂರು ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ. ಆಮೇಲೆ ಅವಳು ಹೇಳಿದಂತೆ ನಾವು ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತೆವು. ಹೊರಗೆ ರಸ್ತೆಯಲ್ಲಿ ಟಾಂಗಾ ಹೋದದ್ದು ಕೇಳಿಸಿತು. ಮೂರನೆಯ ಸಾಲು ಅಂದು ಮೊದಲ ಸಲ ಪೂರ್ತಿ ನಿಂತಿತ್ತು.

ಶಾಲೆಯವರು ಅವಳನ್ನು ತೆಗೆಯಲಿಲ್ಲ. ಹಿರಿಯ ಬಾಯಿ ಮೂರು ತಿಂಗಳು ಮಾತು ಬಿಟ್ಟರು, ಅಷ್ಟೆ. ಬೆಳಗಾವಿಯ ವಕೀಲರಿಗೆ ಹುಬ್ಬಳ್ಳಿಯ ಕಡೆ ಹೆಣ್ಣು ಗೊತ್ತಾಯಿತು. ಆ ಸುದ್ದಿ ಬಂದ ದಿನ ಅವ್ವ ಮೌಶಿಯ ತಟ್ಟೆಗೆ ಕೇಳದೆಯೇ ಎರಡು ಸಲ ತುಪ್ಪ ಹಾಕಿದಳು.

ಅದಾದ ಕೆಲವು ದಿನಗಳ ಮೇಲೆ, ಒಂದು ಮುಂಜಾನೆ ನಾನೂ ಮೌಶಿಯೂ ಚಹಾಕ್ಕೆಂದು ಅಡಿಗೆಮನೆಗೆ ಹೋದೆವು. ಅವ್ವ ಬೆನ್ನು ಮಾಡಿ ನಿಂತಿದ್ದಳು. ಎರಡೂ ಕೈ ತಲೆಯ ಮೇಲೆ ಜೋಡಿಸಿದ್ದಳು. ಎಡಗಾಲು ಬಲ ಮೊಣಕಾಲಿನ ಹಿಂದೆ ಸಿಕ್ಕಿತ್ತು. ಸೊಂಟ ತಿರುಗಿಸಿ ಹಿಂದೆ ನೋಡಿದರೆ, ಬಾಗಿಲಲ್ಲಿ ನಾವು.

"ಅಕ್ಕಾ! ಅದು ತಪ್ಪಂತ ಹೇಳಿದೆನಲ್ಲ!"

"ಗೊತ್ತದ" ಎಂದಳು ಅವ್ವ, ಕಾಲು ಇಳಿಸದೆ. "ನೀ ಅಂಗಳದಾಗ ಮಾಡೋದು ನೋಡಿ ನೋಡಿ ಕಲತೀನಿ. ಹತ್ತು ವರ್ಷದಿಂದ ಮಾಡ್ಲಿಕ್ಕತ್ತೀನಿ. ಇಂದೂನ ಬಾಣಂತನದಾಗ ಹಿಡಿದ ಸೊಂಟ ಬಿಟ್ಟದ್ದ ಇದರಿಂದ. ಆ ಸ್ವೀಡನ್‌ದವರದು ಅವರ ಕಡೆ ಇರಲಿ. ನನಗ ನಿನ್ನದ ಬೇಕು."

ಮೌಶಿ ಬಾಗಿಲಿಗೆ ಒರಗಿ ನಿಂತಳು. ಅವ್ವನ ಕಾಲು ನಡುಗುತ್ತಿತ್ತು. ಮೌಶಿ ಹೋಗಿ, ಹಿಂದಿನಿಂದ ಅವಳ ಸೊಂಟಕ್ಕೆ ಎರಡೂ ಕೈ ಕೊಟ್ಟು ಹಿಡಿ‍ದಳು.

"ಮೊಣಕಾಲು ಬಗ್ಗಸಬ್ಯಾಡ ಅಕ್ಕಾ," ಎಂದಳು, ಮೈದಾನದ ದನಿಯಲ್ಲಿ. "ಹಾಂ. ಈಗ ತಿರುಗು."